ತೋಟದ ನಾಯಿ ರಾತ್ರಿಯಿಡೀ ಬೊಗಳುತ್ತಿದ್ದರೆ ಏನು ಮಾಡಬೇಕು?

ಪ್ರಶ್ನೆ: ಅಮ್ಮತ್ತಿ ಸಮೀಪ ನಮ್ಮದೊಂದು ಸಣ್ಣ ರೊಬಸ್ಟಾ ಕಾಫಿ ತೋಟವಿದೆ. ಮನೆಗೆ ಹೊಂದಿಕೊಂಡಂತೆ ಎರಡು ಕೋಣೆಗಳ ಹೋಂಸ್ಟೇ ನಡೆಸುತ್ತಿದ್ದೇವೆ. ನಮ್ಮ ಬ್ರೂನೋಗೆ ಮೂರು ವರ್ಷ, ಲ್ಯಾಬ್ರಡಾರ್ ಮತ್ತು ನಾಟಿ ನಾಯಿಯ ಮಿಶ್ರತಳಿ. ಹಗಲು ಕಾಫಿ ಕಣದ ಪಕ್ಕದಲ್ಲಿ ಕಟ್ಟಿಹಾಕಿ, ರಾತ್ರಿ ಬಿಡುತ್ತೇವೆ. ಹಗಲಿನಲ್ಲಿ ಕೆಲಸದವರು, ಬೈಕು, ಬೆಕ್ಕು ಯಾವುದನ್ನು ಕಂಡರೂ ಬೊಗಳುತ್ತದೆ. ರಾತ್ರಿ ಹತ್ತರ ನಂತರವಂತೂ ಬೆಳಗಿನವರೆಗೂ ನಿಲ್ಲಿಸುವುದಿಲ್ಲ. ಗದರಿದರೆ ಇನ್ನೂ ಜೋರಾಗುತ್ತದೆ. ನಿದ್ದೆಯಿಲ್ಲವೆಂದು ಅತಿಥಿಗಳು ದೂರುತ್ತಾರೆ, ಗದ್ದೆಯಾಚೆಯ ನೆರೆಯವರೂ ಬೇಸರಗೊಂಡಿದ್ದಾರೆ. ಬೊಗಳಿದಾಗ ಕತ್ತಿಗೆ ವಿದ್ಯುತ್ ಆಘಾತ ಕೊಡುವ ಪಟ್ಟಿ, ಅಂದರೆ ಶಾಕ್ ಕಾಲರ್ ಹಾಕಿದರೆ ಸರಿಹೋಗುತ್ತದೆ ಎಂದು ಒಬ್ಬರು ಹೇಳಿದರು. ಆದರೆ ಇದು ಆನೆ ಓಡಾಡುವ ಜಾಗವಾದ್ದರಿಂದ ನಾಯಿ ಪೂರ್ತಿ ಮೂಕವಾಗುವುದೂ ನಮಗೆ ಬೇಡ. ದಯವಿಟ್ಟು ದಾರಿ ತಿಳಿಸಿ.

ಉತ್ತರ: ಮೊದಲಿಗೆ ಶಾಕ್ ಕಾಲರ್ ವಿಷಯ. ಅದನ್ನು ತರಿಸಬೇಡಿ, ಈಗಾಗಲೇ ತರಿಸಿದ್ದರೆ ಹಾಕಬೇಡಿ. ಕಾರಣಗಳನ್ನು ಮುಂದೆ ವಿವರಿಸುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಬಹಳ ಮುಖ್ಯವೆನಿಸಿದ್ದು ಕೊನೆಯ ಮಾತು. ಕೊಡಗಿನಂಥ ಜಾಗದಲ್ಲಿ, ಅದರಲ್ಲೂ ಅಮ್ಮತ್ತಿ, ಸಿದ್ದಾಪುರದ ಕಡೆಯ ತೋಟಗಳಲ್ಲಿ, ನಾಯಿಯ ಬೊಗಳಿಕೆಗೆ ನಿಜವಾದ ಬೆಲೆಯಿದೆ. ಹೀಗಾಗಿ ಬ್ರೂನೋಗೆ ಕಲಿಸಬೇಕಾದದ್ದು ಇಷ್ಟೆ: ಏನಾದರೂ ಕಂಡರೆ ಬೊಗಳಿ ತಿಳಿಸುವುದು, ನೀವು ಬಂದು ನೋಡಿದ ಮೇಲೆ ಅಲ್ಲಿಗೆ ಮುಗಿಸುವುದು. ಬೊಗಳಿಕೆಗೆ ಒಂದು ಕೊನೆ ಇದೆ ಎಂಬುದು ಅದಕ್ಕೆ ಇದುವರೆಗೆ ಗೊತ್ತೇ ಆಗಿಲ್ಲ, ಏಕೆಂದರೆ ಅದನ್ನು ಯಾರೂ ಕಲಿಸಿಲ್ಲ. ಮೂರು ವರ್ಷದ ಆರೋಗ್ಯವಂತ ನಾಯಿಗೆ ಇದನ್ನು ಕಲಿಸಲು ಖಂಡಿತ ಸಾಧ್ಯ, ಆದರೆ ಅದಕ್ಕೆ ಮುನ್ನ ನಿಮ್ಮ ಮನೆಯ ದಿನಚರಿಯಲ್ಲಿ ಒಂದೆರಡು ದೊಡ್ಡ ಬದಲಾವಣೆಗಳು ಆಗಬೇಕು.

ದೊಡ್ಡ ಬದಲಾವಣೆ ಎಂದರೆ ಹಗಲು ಕಟ್ಟಿ ರಾತ್ರಿ ಬಿಡುವ ಪದ್ಧತಿಯನ್ನು ತಿರುಗುಮುರುಗು ಮಾಡುವುದು. ಇದು ನಮ್ಮಲ್ಲಿ ಮನೆಮನೆಯ ವಾಡಿಕೆ ಎಂಬುದು ನನಗೆ ಗೊತ್ತು. ಆದರೂ ನಿಮ್ಮ ಸಮಸ್ಯೆಯ ಅರ್ಧಕ್ಕಿಂತ ಹೆಚ್ಚು ಪಾಲು ಇಲ್ಲೇ ಇದೆ ಎಂದು ನಾನು ಭಾವಿಸುತ್ತೇನೆ. ಸರಪಳಿಯಲ್ಲಿರುವ ನಾಯಿ ಕಂಡದ್ದರ ಹತ್ತಿರ ಹೋಗಿ ಮೂಸಿ ನೋಡಲಾರದು, ಹೆದರಿಕೆಯಾದರೆ ದೂರ ಸರಿಯಲೂ ಆಗದು. ಅದಕ್ಕೆ ಉಳಿಯುವ ಒಂದೇ ದಾರಿ ಬೊಗಳುವುದು. ಕೆಲಸದವರು ದಾರಿಯಲ್ಲಿ ನಡೆದು ಬರುತ್ತಾರೆ, ಬ್ರೂನೋ ಬೊಗಳುತ್ತದೆ, ಅವರು ತಮ್ಮ ಪಾಡಿಗೆ ಮುಂದೆ ಹೋಗುತ್ತಾರೆ. ಅವರು ಹೋದದ್ದು ತನ್ನ ಬೊಗಳಿಕೆಯಿಂದ ಎಂದೇ ನಾಯಿ ತಿಳಿಯುತ್ತದೆ. ದಿನಕ್ಕೆ ಇಪ್ಪತ್ತು ಬಾರಿ ಹೀಗಾದರೆ ಆ ಪಾಠ ಗಟ್ಟಿಯಾಗದೆ ಇರುವುದಿಲ್ಲ. ಮಾಡಲು ಬೇರೇನೂ ಇಲ್ಲದ ಉಳಿದ ಹೊತ್ತೆಲ್ಲ ನಿದ್ದೆ ಮಾಡುತ್ತದೆ, ರಾತ್ರಿ ಸರಪಳಿ ಬಿಚ್ಚುವ ಹೊತ್ತಿಗೆ ಮೈತುಂಬ ಚೈತನ್ಯ ತುಂಬಿಕೊಂಡು ಎದ್ದಿರುತ್ತದೆ. ಕತ್ತಲೆಯಲ್ಲಿ, ಮನೆಯವರೆಲ್ಲ ಮಲಗಿರುವಾಗ, ಇಡೀ ತೋಟದ ಹೊಣೆ ಆ ಒಂದು ಪ್ರಾಣಿಯ ಮೇಲೆ ಬೀಳುತ್ತದೆ.

ಇಲ್ಲಿ ಕಾನೂನಿನ ಮಾತನ್ನೂ ಹೇಳಬೇಕಾಗುತ್ತದೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960ರ 11ನೇ ಕಲಮು, ಪ್ರಾಣಿಯನ್ನು ತೀರಾ ಗಿಡ್ಡ ಅಥವಾ ತೀರಾ ಭಾರವಾದ ಸರಪಳಿಯಲ್ಲಿ ಹೆಚ್ಚು ಹೊತ್ತು ಕಟ್ಟಿಡುವುದನ್ನೂ, ಸದಾ ಕಟ್ಟಿರುವ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡದಿರುವುದನ್ನೂ ಕ್ರೌರ್ಯವೆಂದೇ ಎಣಿಸುತ್ತದೆ. ನಿಮ್ಮನ್ನು ದೂಷಿಸಲು ಇದನ್ನು ಹೇಳುತ್ತಿಲ್ಲ. ಕಟ್ಟಿಹಾಕುವುದರಿಂದ ನಾಯಿಗೆ ಆಗುವ ಕಷ್ಟ ಎಷ್ಟು ನೈಜವೆಂಬುದನ್ನು ಕಾಯ್ದೆ ಬರೆದವರೂ ಅಂದೇ ಗುರುತಿಸಿದ್ದರು ಎಂಬುದು ನಿಮ್ಮ ಗಮನಕ್ಕೆ ಬರಲಿ.

ರಾತ್ರಿ ಬ್ರೂನೋ ಮನೆಯೊಳಗೆ, ಅಥವಾ ಗ್ರಿಲ್ ಹಾಕಿ ಬಾಗಿಲು ಭದ್ರಪಡಿಸಿದ ಜಗಲಿಯಲ್ಲಿ ಮಲಗಲಿ. ಇದಕ್ಕೆ ಅತಿಥಿಗಳ ನಿದ್ದೆಗಿಂತ ದೊಡ್ಡ ಕಾರಣಗಳಿವೆ. ಚಿರತೆಗೆ ನಾಯಿ ಸುಲಭದ ಬೇಟೆ, ಅಂಗಳದಲ್ಲಿ ಒಂಟಿಯಾಗಿರುವ ನಾಯಿಗೆ ತಪ್ಪಿಸಿಕೊಳ್ಳುವ ದಾರಿಯೇ ಇರುವುದಿಲ್ಲ. ಆನೆಯ ವಿಷಯ ಇನ್ನೂ ಗಂಭೀರವಾದದ್ದು. ಬಿಟ್ಟ ನಾಯಿ ಆನೆಯ ಕಾಲಬುಡದವರೆಗೂ ಬೊಗಳುತ್ತ ನುಗ್ಗುತ್ತದೆ, ಆನೆ ತಿರುಗಿ ಬಿದ್ದರೆ ಜೀವ ಉಳಿಸಿಕೊಳ್ಳಲು ನೇರವಾಗಿ ತನ್ನ ಯಜಮಾನನ ಬಳಿಗೇ ಓಡಿ ಬರುತ್ತದೆ. ಕೆರಳಿದ ಆನೆ ಅದರ ಹಿಂದೆ ಬರುತ್ತದೆ. ಟಾರ್ಚ್ ಹಿಡಿದು ಅಂಗಳದಲ್ಲಿ ನಿಂತವರಿಗೆ ಆಗ ಓಡಲು ಸಮಯವಿರುವುದಿಲ್ಲ. ಕಾವಲಿಗೆಂದು ಬಿಟ್ಟ ನಾಯಿಯೇ ಅಪಾಯವನ್ನು ಬಾಗಿಲಿಗೆ ತರುವುದು ಹೀಗೆ. ಜಗಲಿಯೊಳಗಿರುವ ನಾಯಿಗೂ ವಾಸನೆ ಬರುತ್ತದೆ, ಸದ್ದು ಕೇಳುತ್ತದೆ, ಅದು ಬೊಗಳಿ ನಿಮ್ಮನ್ನು ಎಬ್ಬಿಸುತ್ತದೆ. ಎಚ್ಚರಿಕೆಗೆ ಅಷ್ಟು ಸಾಕು.

ಹಗಲಿನಲ್ಲಿ ಇದಕ್ಕೆ ಸರಿಯಾಗಿ ಕೆಲಸವೂ ಇರಬೇಕು. ಬೆಳಿಗ್ಗೆ ತೋಟಕ್ಕೆ ಹೋಗುವಾಗ ಉದ್ದನೆಯ ಹಗ್ಗದಲ್ಲಿ ಕರೆದುಕೊಂಡು ಹೋಗಿ. ವೇಗವಾಗಿ ಎಳೆದೊಯ್ಯುವ ಅಗತ್ಯವಿಲ್ಲ. ಬೇಲಿಯ ಬುಡ, ಮರದ ಬೊಡ್ಡೆ, ಹಂದಿ ಮಣ್ಣು ಕೆದರಿದ ಜಾಗ, ಎಲ್ಲಿ ನಿಲ್ಲುತ್ತದೋ ಅಲ್ಲಿ ಮೂಸಲು ಬಿಡಿ. ರಾತ್ರಿ ಯಾರು ಬಂದು ಹೋದರು ಎಂಬುದನ್ನು ನಾಯಿ ಮೂಗಿನಲ್ಲಿ ತಿಳಿದುಕೊಳ್ಳುವುದು ಹೀಗೆ, ಮತ್ತು ಅರ್ಧ ಗಂಟೆ ಮನಸಾರೆ ಮೂಸಿದ ನಾಯಿ ಬರೀ ಓಡಾಡಿದ ನಾಯಿಗಿಂತ ಚೆನ್ನಾಗಿ ದಣಿದು ಮಲಗುತ್ತದೆ. ಸಂಜೆ ಮತ್ತೊಮ್ಮೆ ಸ್ವಲ್ಪ ಹೊತ್ತು ನಡೆಸಿ. ಮಳೆಗಾಲದಲ್ಲಿ ಜಿಗಣೆಯ ಕಾಟದಿಂದ ತೋಟಕ್ಕಿಳಿಯಲು ಆಗದ ದಿನಗಳಲ್ಲಿ, ಊಟದ ಒಂದು ಭಾಗವನ್ನು ಹಳೆಯ ಗೋಣಿಚೀಲದ ಮಡಿಕೆಗಳಲ್ಲಿ ಅಲ್ಲಲ್ಲಿ ಇಟ್ಟು, ಸುತ್ತಿ, ಜಗಲಿಯಲ್ಲಿ ಹಾಕಿ. ಚೀಲವನ್ನು ಬಿಡಿಸಿ ಒಂದೊಂದೇ ತುಂಡನ್ನು ಹುಡುಕಿ ತಿನ್ನುವ ಕೆಲಸದಲ್ಲಿ ಅದು ಬೊಗಳುವುದನ್ನೇ ಮರೆಯುತ್ತದೆ. ಚೀಲವನ್ನೇ ಕಚ್ಚಿ ನುಂಗುವ ಸ್ವಭಾವವಿದ್ದರೆ ಮಾತ್ರ ಹತ್ತಿರವೇ ನಿಂತಿರಿ.

ಇಷ್ಟು ವ್ಯವಸ್ಥೆ ಮಾಡುತ್ತಿರುವಾಗಲೇ ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬೊಗಳಲು ಶುರು ಮಾಡಿದ್ದು ಎಷ್ಟು ಗಂಟೆಗೆ, ಮುಖ ಯಾವ ಕಡೆಗಿತ್ತು, ಸ್ವಲ್ಪ ಮುಂಚೆ ಏನಾಯಿತು, ಕೊನೆಗೆ ಏನಾದಾಗ ನಿಲ್ಲಿಸಿತು. ಈ ನಾಲ್ಕು ಸಂಗತಿ ಸಾಕು. ಬೊಗಳಿಕೆಯೆಲ್ಲ ಒಂದೇ ಎಂದು ನಮಗೆ ಅನಿಸಿದರೂ ಅದರ ಹಿಂದಿನ ಕಾರಣಗಳು ಬೇರೆ ಬೇರೆ, ಮತ್ತು ಕಾರಣ ತಿಳಿಯದೆ ಮಾಡಿದ ತರಬೇತಿ ಫಲ ಕೊಡುವುದಿಲ್ಲ. ಧ್ವನಿಯ ಜೊತೆ ಮೈಯನ್ನೂ ನೋಡಿ. ಕಿವಿ ಮುಂದಕ್ಕೆ, ಬಾಲ ಮೇಲಕ್ಕೆ, ಮೈಭಾರ ಮುಂಗಾಲಿನ ಮೇಲೆ ಬಿದ್ದು ಗಡುಸು ದನಿಯಲ್ಲಿ ಎರಡು ಮೂರು ಬೊಗಳಿಕೆ, ನಡುವೆ ಸ್ವಲ್ಪ ಮೌನ ಇದ್ದರೆ ಅದು ಯಾರೋ ಬಂದರೆಂಬ ಸೂಚನೆ. ಬಾಲ ತಗ್ಗಿಸಿ, ಬೆನ್ನಿನ ರೋಮ ನಿಗುರಿಸಿ, ಬೊಗಳುತ್ತ ಬೊಗಳುತ್ತ ಹಿಂದೆ ಸರಿಯುತ್ತಿದ್ದರೆ ಅದು ಭಯ. ನಿಮ್ಮ ಮುಖವನ್ನೇ ನೋಡುತ್ತ, ಒಂದೊಂದಾಗಿ, ಚೂಪು ದನಿಯಲ್ಲಿ ಬೊಗಳಿದರೆ ಅದಕ್ಕೆ ನಿಮ್ಮಿಂದ ಏನೋ ಬೇಕಾಗಿದೆ. ಯಾವ ಗುರಿಯೂ ಇಲ್ಲದೆ, ಒಂದೇ ಲಯದಲ್ಲಿ ಗಂಟೆಗಟ್ಟಲೆ ಸಾಗುವುದು ಬೇಸರದ ಬೊಗಳಿಕೆ. ಕಟ್ಟಿಹಾಕಿದ ನಾಯಿಗಳಲ್ಲಿ ನಾನು ಹೆಚ್ಚಾಗಿ ಕಾಣುವುದು ಇದನ್ನೇ.

ಏನೂ ಇಲ್ಲದೆ ಬೊಗಳುತ್ತದೆ ಎಂದು ಹೇಳುವವರು ಬಹಳ. ನಮಗೆ ಏನೂ ಇಲ್ಲದಿರಬಹುದು, ನಾಯಿಗೆ ಹಾಗಲ್ಲ. ಮನುಷ್ಯರ ಕಿವಿ ಸುಮಾರು 20,000 ಹರ್ಟ್ಜ್‌ವರೆಗಿನ ಸದ್ದನ್ನು ಮಾತ್ರ ಕೇಳಬಲ್ಲದು, ನಾಯಿಯ ಕಿವಿ ಸುಮಾರು 45,000 ಹರ್ಟ್ಜ್‌ವರೆಗೂ ಕೇಳುತ್ತದೆ. ಇಲಿಗಳು ತಮ್ಮತಮ್ಮಲ್ಲಿ ಹೊರಡಿಸುವ ಹಲವು ಕೂಗುಗಳು ಈ ನಡುವಿನ ಮಟ್ಟದಲ್ಲೇ ಇರುತ್ತವೆ. ಅಟ್ಟದ ಮೇಲೆ ಕಾಫಿ ಮೂಟೆಗಳ ಸಂದಿಯಲ್ಲಿ ಇಲಿಗಳು ಓಡಾಡುತ್ತಿದ್ದರೆ ನೀವು ನಿಶ್ಚಿಂತೆಯಿಂದ ಮಲಗಿರುತ್ತೀರಿ, ಬ್ರೂನೋ ಮಾತ್ರ ಮೇಲೆ ನೋಡುತ್ತ ಬೊಗಳುತ್ತಿರುತ್ತದೆ. ನಿಮ್ಮ ಟಿಪ್ಪಣಿಯಲ್ಲಿ ಅದರ ಮುಖ ಮತ್ತೆ ಮತ್ತೆ ಚಾವಣಿಯ ಕಡೆಗಿದ್ದರೆ ತರಬೇತಿಗಿಂತ ಮೊದಲು ಅಟ್ಟ ಸ್ವಚ್ಛ ಮಾಡಿಸಿ, ಸಂದುಗಳನ್ನು ಮುಚ್ಚಿಸಿ, ಬೋನು ಇಡಿ. ಇಲಿ ಪಾಷಾಣ ಬೇಡ. ಅದನ್ನು ತಿಂದ ನಾಯಿಗೂ, ಕೆಲವೊಮ್ಮೆ ಅದನ್ನು ತಿಂದು ಸತ್ತ ಇಲಿಯನ್ನು ತಿಂದ ನಾಯಿಗೂ ಪ್ರಾಣಾಪಾಯವಿದೆ. ಕಾಫಿ ಹಣ್ಣಾಗುವ ದಿನಗಳಲ್ಲಿ ಪುನುಗು ಬೆಕ್ಕು, ಹಲಸು ಹಣ್ಣಾಗುವಾಗ ಆನೆ, ಗದ್ದೆಯಂಚಿನಲ್ಲಿ ಕಾಡುಹಂದಿ, ಬೇಲಿಯ ಬದಿಯಲ್ಲಿ ಮುಳ್ಳುಹಂದಿ, ಹೀಗೆ ಕಾಲಕ್ಕೆ ತಕ್ಕಂತೆ ರಾತ್ರಿಯ ಅತಿಥಿಗಳೂ ಬದಲಾಗುತ್ತಾರೆ. ಅನ್ನ, ಮೀನಿನ ಮುಳ್ಳು, ಹಣ್ಣಿನ ಸಿಪ್ಪೆಗಳನ್ನು ಅಡುಗೆಮನೆಯ ಹಿಂದೆ ಎಸೆಯುವ ಅಭ್ಯಾಸವಿದ್ದರೆ ಅದನ್ನು ನಿಲ್ಲಿಸಿದ ಮಾತ್ರಕ್ಕೇ ಮನೆಯ ಹತ್ತಿರ ಸುಳಿಯುವ ಪ್ರಾಣಿಗಳು ಕಡಿಮೆಯಾಗುತ್ತವೆ.

ಈಗ ತರಬೇತಿ. ಇದಕ್ಕೆ ಒಂದು ಪದ ಬೇಕು. "ಸಾಕು" ಎಂಬ ಪದ ಚೆನ್ನಾಗಿ ಹೊಂದುತ್ತದೆ. ಮನೆಯವರು, ತೋಟದ ಲೆಕ್ಕ ನೋಡುವ ರೈಟರ್, ಅಡುಗೆಯವರು ಎಲ್ಲರೂ ಅದೊಂದೇ ಪದವನ್ನು ಒಂದೇ ರೀತಿ ಹೇಳಬೇಕು. ಒಬ್ಬರು "ಸಾಕು", ಇನ್ನೊಬ್ಬರು "ಸುಮ್ಮನಿರು", ಮತ್ತೊಬ್ಬರು "ಏಯ್" ಎಂದರೆ ನಾಯಿಗೆ ಮೂರೂ ಬರೀ ಗದ್ದಲವಾಗಿ ಕೇಳಿಸುತ್ತವೆ. ಬಹುಮಾನಕ್ಕೆ ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಕೋಳಿಮಾಂಸವನ್ನು ಕಾಫಿ ಬೀಜದ ಗಾತ್ರಕ್ಕೆ ಕತ್ತರಿಸಿ ಇಟ್ಟುಕೊಳ್ಳಿ. ಬೇಯಿಸಿದ ಮೊಟ್ಟೆಯೂ ಆದೀತು. ತುಂಡು ಚಿಕ್ಕದಾಗಿದ್ದಷ್ಟು ಒಳ್ಳೆಯದು, ಏಕೆಂದರೆ ಒಂದು ಪಾಠದಲ್ಲಿ ಹಲವು ಸಲ ಕೊಡಬೇಕಾಗುತ್ತದೆ. ದಿನದ ಊಟದಲ್ಲಿ ಅಷ್ಟನ್ನು ಕಡಿಮೆ ಮಾಡಿ.

ಮೊದಲ ಕೆಲವು ದಿನ ಬೊಗಳಿಕೆಗೂ ಈ ಪದಕ್ಕೂ ಸಂಬಂಧವೇ ಇರಬಾರದು. ಬ್ರೂನೋ ಶಾಂತವಾಗಿ ನಿಂತಿರುವಾಗ ಸಹಜವಾದ ದನಿಯಲ್ಲಿ "ಸಾಕು" ಎನ್ನಿ, ಮರುಕ್ಷಣವೇ ಒಂದು ತುಂಡು ಕೊಡಿ. ಹತ್ತು ಸಲ ಹೀಗೆ ಮಾಡಿ ಪಾಠ ಮುಗಿಸಿ. ದಿನಕ್ಕೆ ಎರಡು ಅಥವಾ ಮೂರು ಪಾಠ ಸಾಕು. ಪದ ಮೊದಲು, ತಿನಿಸು ಆಮೇಲೆ, ಈ ಕ್ರಮ ತಪ್ಪಬಾರದು. ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಡೆದ ರಷ್ಯಾದ ಇವಾನ್ ಪಾವ್ಲೊವ್ ಅವರು ನಾಯಿಗಳಲ್ಲಿ ಗುರುತಿಸಿದ್ದು ಇದನ್ನೇ. ಆಹಾರಕ್ಕೆ ಮುಂಚೆ ಪ್ರತಿ ಸಲವೂ ಒಂದು ಸದ್ದು ಕೇಳಿಸುತ್ತಿದ್ದರೆ, ಕೊನೆಗೆ ಆ ಸದ್ದೊಂದಕ್ಕೇ ನಾಯಿಯ ಬಾಯಲ್ಲಿ ನೀರೂರುತ್ತದೆ. ಕೈ ಮೊದಲು ಚೀಲದೊಳಗೆ ಹೋಗಿ ಪದ ಆಮೇಲೆ ಬಂದರೆ, ನಾಯಿ ಕೈಯನ್ನು ಗಮನಿಸಲು ಕಲಿಯುತ್ತದೆಯೇ ಹೊರತು ಪದವನ್ನು ಕಲಿಯುವುದಿಲ್ಲ. "ಸಾಕು" ಎಂದೊಡನೆ ಎಲ್ಲಿದ್ದರೂ ತಲೆ ತಿರುಗಿಸಿ ನಿಮ್ಮನ್ನು ನೋಡಲು ಶುರು ಮಾಡಿದರೆ ಮುಂದಿನ ಹಂತಕ್ಕೆ ಹೋಗಬಹುದು.

ಎರಡನೆಯ ಹಂತದಲ್ಲಿ ಮನೆಯವರೊಬ್ಬರು ಹೊರಗೆ ಹೋಗಿ ಬಾಗಿಲು ಮೆಲ್ಲಗೆ ತಟ್ಟಲಿ. ಬ್ರೂನೋ ಎರಡು ಮೂರು ಸಲ ಬೊಗಳಲು ಬಿಡಿ. ನಂತರ ಆತುರವಿಲ್ಲದೆ ಅದರ ಪಕ್ಕಕ್ಕೆ ಹೋಗಿ, ಅದು ನೋಡುತ್ತಿರುವ ಕಡೆಗೆ ನೀವೂ ಒಮ್ಮೆ ನೋಡಿ, "ಸಾಕು" ಎಂದು ಒಂದೇ ಸಲ ಹೇಳಿ, ತಿನಿಸನ್ನು ಮೂಗಿನ ತುದಿಗೆ ಹಿಡಿಯಿರಿ. ಗಮನವಿಟ್ಟು ಮೂಸುತ್ತಿರುವ ನಾಯಿಗೆ ಅದೇ ಹೊತ್ತಿನಲ್ಲಿ ಬೊಗಳುವುದು ಕಷ್ಟ, ಆದ್ದರಿಂದ ಒಂದು ಕ್ಷಣದ ಮೌನ ತಾನಾಗಿಯೇ ಬರುತ್ತದೆ. ಆ ಮೌನಕ್ಕೇ ತಿನಿಸು ಸಲ್ಲಬೇಕು. ಮುಂದಿನ ಸಲ ಎರಡು ಎಣಿಸುವವರೆಗೆ ತಡೆದು ಕೊಡಿ, ಆಮೇಲೆ ಮೂರು, ಐದು, ಹತ್ತು. ಹತ್ತಕ್ಕೆ ಹೋದ ಮೇಲೆ ನಡುವೆ ಒಮ್ಮೊಮ್ಮೆ ಎರಡಕ್ಕೇ ಕೊಟ್ಟುಬಿಡಿ. ಪ್ರತಿ ಸಲವೂ ಹಿಂದಿನದಕ್ಕಿಂತ ಕಷ್ಟವಾಗುತ್ತ ಹೋದರೆ ನಾಯಿ ಆಸಕ್ತಿ ಕಳೆದುಕೊಳ್ಳುತ್ತದೆ. ಎರಡು ದಿನ ಸರಾಗವಾಗಿ ನಡೆದ ಮೇಲೆ ತಿನಿಸನ್ನು ಮೂಗಿನ ಮುಂದೆ ಹಿಡಿಯುವುದನ್ನು ಬಿಟ್ಟು, ಖಾಲಿ ಕೈಯಲ್ಲಿ ಪದ ಹೇಳಿ, ಮೌನವಾದ ನಂತರ ಜೇಬಿನಿಂದ ತೆಗೆದು ಕೊಡಿ.

ಇಲ್ಲಿ ಒಂದು ತೊಡಕು ಎದುರಾಗಬಹುದು. ಬೊಗಳಿದರೆ "ಸಾಕು" ಬರುತ್ತದೆ, "ಸಾಕು" ಬಂದರೆ ಕೋಳಿ ಬರುತ್ತದೆ, ಆದ್ದರಿಂದ ಬೊಗಳಬೇಕು ಎಂದು ಜಾಣ ನಾಯಿ ಲೆಕ್ಕ ಹಾಕಿಬಿಡುತ್ತದೆ. ಲ್ಯಾಬ್ರಡಾರ್ ರಕ್ತವಿರುವ, ತಿನ್ನುವುದರಲ್ಲಿ ಆಸೆ ಹೆಚ್ಚಿರುವ ನಾಯಿಗಳಲ್ಲಿ ಇದು ಅಪರೂಪವಲ್ಲ. ಇದಕ್ಕೆ ಪರಿಹಾರವೆಂದರೆ ಬೊಗಳದೆ ಇದ್ದುದಕ್ಕೆ ಇನ್ನೂ ಒಳ್ಳೆಯ ಬಹುಮಾನ ಕೊಡುವುದು. ಬೈಕಿನ ಸದ್ದಾಯಿತು, ಬ್ರೂನೋ ಕಿವಿ ಎತ್ತಿತು, ಆದರೆ ಬೊಗಳಲಿಲ್ಲ ಎಂದಾದರೆ ಆ ಕ್ಷಣವನ್ನು ಬಿಡಬೇಡಿ. ಹತ್ತಿರ ಕರೆದು ಎರಡು ಮೂರು ತುಂಡು ಒಟ್ಟಿಗೆ ಕೊಡಿ. ಜೊತೆಗೆ, "ಸಾಕು" ಎಂದ ನಂತರ ಜಗಲಿಯ ಮೂಲೆಯಲ್ಲಿ ಹಾಸಿದ ಚಾಪೆಗೆ ಹೋಗಿ ಕೂರಲು ಕಲಿಸಿ, ತಿನಿಸನ್ನು ಚಾಪೆಯ ಮೇಲೆಯೇ ಕೊಡಿ. ಹೀಗೆ ಬೊಗಳಿಕೆಗೂ ಬಹುಮಾನಕ್ಕೂ ನಡುವಿನ ದೂರ ಹೆಚ್ಚಿದಂತೆ ಆ ಲೆಕ್ಕಾಚಾರ ಸಡಿಲವಾಗುತ್ತದೆ.

ಮೂರನೆಯ ಹಂತದಲ್ಲಿ ನಿಜವಾದ ಜನರು, ನಿಜವಾದ ವಾಹನಗಳು ಬರುತ್ತವೆ, ಮತ್ತು ಹೆಚ್ಚಿನವರು ಆತುರಪಡುವುದು ಇಲ್ಲಿಯೇ. ಕೆಲಸದವರು ಬರುವ ದಾರಿಯಿಂದ ಬ್ರೂನೋವನ್ನು ಎಷ್ಟು ದೂರದಲ್ಲಿ ನಿಲ್ಲಿಸಿದರೆ ಅದು ಅವರನ್ನು ನೋಡಿಯೂ ಬೊಗಳದೆ ಇರಬಲ್ಲದೋ ಅಷ್ಟು ದೂರದಿಂದ ಆರಂಭಿಸಿ. ಅದು ಐವತ್ತು ಅಡಿಯಾಗಿರಬಹುದು, ಇನ್ನೂರು ಅಡಿಯೂ ಆಗಿರಬಹುದು. ಜನ ಕಂಡೊಡನೆ ತಿನಿಸು ಕೊಡಲು ಆರಂಭಿಸಿ, ಅವರು ಮರೆಯಾದೊಡನೆ ನಿಲ್ಲಿಸಿ. ಅಪರಿಚಿತರು ಕಂಡರೆ ಒಳ್ಳೆಯದಾಗುತ್ತದೆ ಎಂಬ ಭಾವನೆ ಮೂಡಿದ ಮೇಲೆ ದಿನಕ್ಕೆ ಕೆಲವು ಹೆಜ್ಜೆಗಳಷ್ಟು ಹತ್ತಿರ ಹೋಗಬಹುದು. ಬೊಗಳಲು ಶುರು ಮಾಡಿದರೆ ನೀವು ಅತಿ ಬೇಗ ಹತ್ತಿರ ಬಂದಿದ್ದೀರಿ ಎಂದರ್ಥ. ಸಿಟ್ಟಾಗದೆ ಮತ್ತೆ ದೂರ ಸರಿಯಿರಿ. ಕೆಲಸಗಾರರಲ್ಲಿ ಒಪ್ಪುವವರಿದ್ದರೆ ದಾರಿಯಲ್ಲಿ ಹೋಗುವಾಗ ಅವರೇ ಒಂದು ತುಂಡನ್ನು ನೆಲಕ್ಕೆ ಹಾಕಿ ಮುಂದೆ ನಡೆಯಲಿ, ಕೈಯಿಂದ ತಿನ್ನಿಸುವುದು ಬೇಡ. ಕೆಲಸಗಾರರು ವಾಸಿಸುವ ಲೈನ್ ಮನೆಗಳಲ್ಲಿ ಮಕ್ಕಳಿರುತ್ತಾರೆ, ಅವರಿಗೆ ಈ ನಾಯಿಯ ಬಗ್ಗೆ ನಿಜವಾದ ಹೆದರಿಕೆ ಇರಬಹುದು. ಆ ಹೆದರಿಕೆಯಿಂದ ಕಲ್ಲು ಬೀರಿದರೆ ನಿಮ್ಮ ತಿಂಗಳ ಶ್ರಮ ಒಂದು ದಿನದಲ್ಲಿ ಹಾಳಾಗುತ್ತದೆ. ಆದ್ದರಿಂದ ಅವರೊಂದಿಗೆ ಮೊದಲೇ ಕುಳಿತು ಮಾತನಾಡಿ, ನಾಯಿಗೆ ರೇಬೀಸ್ ಲಸಿಕೆ ಸಕಾಲಕ್ಕೆ ಹಾಕಿಸಿರುವುದನ್ನೂ ತಿಳಿಸಿ.

ರಾತ್ರಿಯ ಪಾಠ ಕೊನೆಯದು, ಹಗಲಿನದು ಗಟ್ಟಿಯಾಗುವವರೆಗೆ ಅದಕ್ಕೆ ಕೈ ಹಾಕಬೇಡಿ. ರಾತ್ರಿ ಬೊಗಳಿದಾಗ ಒಮ್ಮೆ ಎದ್ದು ಹೋಗಿ, ಕಿಟಕಿಯಿಂದಲೇ ಬೆಳಕು ಹಾಯಿಸಿ ನೋಡಿ. ನೋಡದೆ "ಸಾಕು" ಎನ್ನುವುದು ಸರಿಯಲ್ಲ. ನೀವು ನೋಡುತ್ತೀರಿ ಎಂಬ ನಂಬಿಕೆಯೇ ನಾಯಿಯನ್ನು ಸುಮ್ಮನಾಗಿಸುತ್ತದೆ. ಏನೂ ಇಲ್ಲವೆಂದಾದರೆ ಪದ ಹೇಳಿ, ಚಾಪೆಗೆ ಕಳುಹಿಸಿ, ತಿನಿಸು ಕೊಟ್ಟು ಮಲಗಿ. ಕೆಲವು ವಾರಗಳಲ್ಲಿ ಅದರ ಬೇರೆ ಬೇರೆ ದನಿಗಳು ನಿಮಗೇ ಪರಿಚಿತವಾಗುತ್ತವೆ. ಬೆಕ್ಕಿಗೆ ಬೊಗಳುವ ರೀತಿ ಬೇರೆ, ಆನೆಯ ವಾಸನೆ ಬಂದಾಗಿನ ಆತಂಕ ಬೇರೆ ಎಂಬುದನ್ನು ತೋಟದಲ್ಲಿ ಬೆಳೆದವರು ಹಾಸಿಗೆಯಿಂದಲೇ ಗುರುತಿಸುತ್ತಾರೆ. ಎಷ್ಟು ಹೇಳಿದರೂ ಅದು ಚಾಪೆಗೆ ಹೋಗದೆ ಒಂದೇ ದಿಕ್ಕಿಗೆ ಮೈ ಸೆಟೆದು ನಿಂತರೆ ಆ ರಾತ್ರಿ ಪಾಠವನ್ನು ಬಿಟ್ಟು ನಾಯಿಯ ಮಾತನ್ನು ನಂಬಿ. ಹೊರಗೆ ಹೋಗಬೇಡಿ, ಅತಿಥಿಗಳನ್ನೂ ಹೋಗಲು ಬಿಡಬೇಡಿ, ಆನೆಯಿದ್ದರೆ ಅರಣ್ಯ ಇಲಾಖೆಯ ಸಿಬ್ಬಂದಿಗೆ ಫೋನ್ ಮಾಡಿ. ಆ ಸಂಖ್ಯೆ ಗೋಡೆಯ ಮೇಲೆ ಬರೆದಿರಲಿ.

ಗದರಿದರೆ ಇನ್ನೂ ಜೋರಾಗುತ್ತದೆ ಎಂದು ಬರೆದಿದ್ದೀರಿ. ಅದು ಸಹಜ. ನೀವು ಒಳಗಿನಿಂದ ಕೂಗಿದಾಗ ಯಜಮಾನರೂ ಜೊತೆಗೂಡಿ ಬೊಗಳುತ್ತಿದ್ದಾರೆ ಎಂದೇ ನಾಯಿಗೆ ತೋರುತ್ತದೆ. ಗಮನ ಸೆಳೆಯಲು ಬೊಗಳುವಾಗಲಂತೂ ಬೈಗುಳವೂ ಅದಕ್ಕೆ ಒಂದು ಬಗೆಯ ಗಮನವೇ. ಅಂಥ ಬೊಗಳಿಕೆಗೆ, ಅಂದರೆ ನೀವು ಊಟಕ್ಕೆ ಕುಳಿತಾಗ ಮುಖ ನೋಡಿ ಬೊಗಳುವುದಕ್ಕೆ, ಪೂರ್ಣ ಮೌನವೇ ಮದ್ದು. ನೋಡಬೇಡಿ, ಮಾತನಾಡಬೇಡಿ, ಮುಟ್ಟಬೇಡಿ. ಅದು ಸುಮ್ಮನಾದ ಮೇಲೆ ಮಾತನಾಡಿಸಿ. ಆದರೆ ಒಂದು ಎಚ್ಚರಿಕೆ: ಹೀಗೆ ನಿರ್ಲಕ್ಷಿಸಲು ಆರಂಭಿಸಿದ ಮೊದಲ ದಿನಗಳಲ್ಲಿ ಬೊಗಳಿಕೆ ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ. ಇದುವರೆಗೆ ಫಲ ಕೊಟ್ಟ ಉಪಾಯವನ್ನು ನಾಯಿ ಇನ್ನಷ್ಟು ಬಲವಾಗಿ ಪ್ರಯೋಗಿಸಿ ನೋಡುತ್ತದೆ. ಆ ಹಂತದಲ್ಲಿ ಅಜ್ಜಿಯೋ ಮಕ್ಕಳೋ ಕನಿಕರಪಟ್ಟು ಒಂದು ತುತ್ತು ಹಾಕಿದರೆ, ಸಾಕಷ್ಟು ಹೊತ್ತು ಬೊಗಳಿದರೆ ಸಿಕ್ಕೇ ಸಿಗುತ್ತದೆ ಎಂಬ ಪಾಠ ಮೊದಲಿಗಿಂತ ಆಳವಾಗಿ ಬೇರೂರುತ್ತದೆ. ಶುರು ಮಾಡುವ ಮುನ್ನ ಮನೆಯವರೆಲ್ಲ ಒಮ್ಮತಕ್ಕೆ ಬನ್ನಿ.

ಶಾಕ್ ಕಾಲರ್ ಏಕೆ ಬೇಡ ಎಂಬುದಕ್ಕೆ ಬರುತ್ತೇನೆ. ಕತ್ತಿಗೆ ನೋವಾದ ಕ್ಷಣದಲ್ಲಿ ನಾಯಿಯ ಕಣ್ಣೆದುರು ಏನಿರುತ್ತದೋ ಅದರೊಂದಿಗೇ ಆ ನೋವು ತಳಕು ಹಾಕಿಕೊಳ್ಳುತ್ತದೆ. ನಿಮ್ಮ ಅತಿಥಿಯ ಮಗು ಅಂಗಳದಲ್ಲಿ ಓಡುವಾಗ ಬ್ರೂನೋ ಬೊಗಳಿ ಶಾಕ್ ತಿಂದಿತು ಎಂದುಕೊಳ್ಳಿ. ತಾನು ಬೊಗಳಿದ್ದರಿಂದ ನೋವಾಯಿತು ಎಂದು ಅದು ಕಲಿಯಬಹುದು, ಮಗುವಿನಿಂದ ನೋವಾಯಿತು ಎಂದೂ ಕಲಿಯಬಹುದು. ಎರಡನೆಯದಾದರೆ ಮುಂದೆ ಆಗುವ ಅನಾಹುತವನ್ನು ಊಹಿಸಿಕೊಳ್ಳಿ. ಇನ್ನೊಂದು ಅಪಾಯವೆಂದರೆ, ಬೊಗಳುವುದು, ಗುರುಗುಟ್ಟುವುದು ಕಚ್ಚುವ ಮುಂಚಿನ ಎಚ್ಚರಿಕೆಗಳು. ಭಯವನ್ನು ಹಾಗೆಯೇ ಉಳಿಸಿ ಎಚ್ಚರಿಕೆಯನ್ನು ಮಾತ್ರ ಅಡಗಿಸಿದರೆ, ಸುಳಿವೇ ಕೊಡದೆ ಕಚ್ಚುವ ನಾಯಿ ತಯಾರಾಗುತ್ತದೆ. ನಮ್ಮ ಮಳೆಗಾಲದಲ್ಲಿ ಸದಾ ಒದ್ದೆಯಾಗಿರುವ ಕತ್ತಿನ ಚರ್ಮಕ್ಕೆ ಆ ಲೋಹದ ಮೊನೆಗಳು ಒತ್ತುತ್ತಿದ್ದರೆ ಹುಣ್ಣೂ ಆಗಬಹುದು. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯ 2010ರಲ್ಲೇ ಇದರ ಬಳಕೆಯನ್ನು ನಿಷೇಧಿಸಿತು. ಬಾಯಿಗೆ ಬಿಗಿಯಾಗಿ ಬಟ್ಟೆ ಅಥವಾ ಪಟ್ಟಿ ಕಟ್ಟುವುದೂ ಬೇಡ. ನಾಯಿ ಮೈಯ ಶಾಖವನ್ನು ಮುಖ್ಯವಾಗಿ ಬಾಯಿ ತೆರೆದು ಏದುಸಿರು ಬಿಡುವ ಮೂಲಕವೇ ಹೊರಹಾಕುತ್ತದೆ. ಗಂಟಲಿನ ಶಸ್ತ್ರಚಿಕಿತ್ಸೆಯಿಂದ ದನಿ ಅಡಗಿಸುವ ಸಲಹೆಯನ್ನು ಯಾರಾದರೂ ಕೊಟ್ಟರೆ ಕೇಳಲೇಬೇಡಿ.

ದೊಡ್ಡ ಸದ್ದಿಗೆ ಹೆದರಿ ಬೊಗಳುವಾಗ ಈ ಯಾವ ಪಾಠವೂ ಅನ್ವಯಿಸುವುದಿಲ್ಲ. ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯ ರಾತ್ರಿ ಭತ್ತದ ಕದಿರು ತೆಗೆಯುವಾಗ ಗುಂಡು ಹಾರುತ್ತದೆ, ಪಟಾಕಿ ಸಿಡಿಯುತ್ತದೆ. ಆನೆ ಓಡಿಸಲು ಸಿಡಿಸುವ ಪಟಾಕಿಯೂ ಇದೆ, ಮುಂಗಾರಿಗೆ ಮುಂಚಿನ ಗುಡುಗೂ ಇದೆ. ಆಗ ನಡುಗುತ್ತ ಬೊಗಳುವ ನಾಯಿಗೆ ಕಲಿಯುವ ಸ್ಥಿತಿಯೇ ಇರುವುದಿಲ್ಲ. ಮನೆಯ ನಡುವಿನ ಕೋಣೆಯಲ್ಲಿ, ಕಿಟಕಿ ಮುಚ್ಚಿ, ರೇಡಿಯೊ ಹಚ್ಚಿ, ಯಾರಾದರೂ ಜೊತೆಗಿರಿ. ಸಮಾಧಾನಪಡಿಸಿದರೆ ಭಯ ಹೆಚ್ಚುತ್ತದೆ ಎಂಬ ಮಾತು ನಿಜವಲ್ಲ, ಬಳಿಗೆ ಬಂದರೆ ಮೈ ಸವರಿ. ಭಯ ತೀವ್ರವಾಗಿದ್ದರೆ ಹಬ್ಬಕ್ಕೆ ಕೆಲವು ವಾರ ಮುಂಚೆಯೇ ಪಶುವೈದ್ಯರನ್ನು ಕಾಣಿರಿ. ಅದಕ್ಕೆ ಉಪಯುಕ್ತ ಔಷಧಿಗಳಿವೆ, ನೀವಾಗಿ ಯಾವ ಮಾತ್ರೆಯನ್ನೂ ಕೊಡಬೇಡಿ.

ಪಶುವೈದ್ಯರ ವಿಷಯ ಬಂದಿದ್ದರಿಂದ, ತರಬೇತಿ ಆರಂಭಿಸುವ ಮುನ್ನ ಬ್ರೂನೋವನ್ನು ಒಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಮಳೆಗಾಲದಲ್ಲಿ ಜೋಲುಕಿವಿಯ ನಾಯಿಗಳಿಗೆ ಕಿವಿಯೊಳಗೆ ಸೋಂಕಾಗುವುದು ಸಾಮಾನ್ಯ. ಮೈಗೆ ಕಚ್ಚುವ ಉಣ್ಣಿಗಳ ತುರಿಕೆ, ಉಣ್ಣಿಯಿಂದ ಬರುವ ಜ್ವರ, ಮೈಕೈ ನೋವು ಇವೆಲ್ಲ ನಾಯಿಯನ್ನು ರಾತ್ರಿ ಮಲಗಲು ಬಿಡುವುದಿಲ್ಲ. ತೋಟದಲ್ಲಿ ಇನ್ನೊಂದನ್ನೂ ಗಮನಿಸಬೇಕು. ಕುಯ್ಲಿನ ಕಾಲದಲ್ಲಿ ಕಣದ ಪಕ್ಕದಲ್ಲೇ ಇರುವ ನಾಯಿ ಕಾಫಿ ಹಣ್ಣು ತಿನ್ನುವ ಅಭ್ಯಾಸ ಮಾಡಿಕೊಂಡಿದ್ದರೆ ಅದರಲ್ಲಿರುವ ಕೆಫೀನ್ ಚಡಪಡಿಕೆ ತರುತ್ತದೆ, ಹೆಚ್ಚಾದರೆ ಎದೆಬಡಿತ ಏರಿ ನಡುಕ, ಸೆಳವು ಬರಬಹುದು. ಅತಿಥಿಗಳು ಮಡಿಕೇರಿಯಿಂದ ಕೊಂಡು ತಂದ ಚಾಕೊಲೇಟನ್ನು ಪ್ರೀತಿಯಿಂದ ಕೊಡುವುದೂ ಉಂಟು. ಚಾಕೊಲೇಟ್ ನಾಯಿಗೆ ವಿಷ ಎಂಬ ಸಣ್ಣ ಫಲಕವನ್ನು ಕೋಣೆಯಲ್ಲಿ ಹಾಕಿಡಿ. ಗಂಡು ನಾಯಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿದರೆ ಹೆಣ್ಣು ನಾಯಿಯ ವಾಸನೆಗೆ ಅಲೆಯುವುದು, ಒದ್ದಾಡುವುದು ಕಡಿಮೆಯಾಗುತ್ತದೆ, ಕಾವಲಿನ ಬೊಗಳಿಕೆ ಅದರಿಂದ ನಿಲ್ಲುವುದಿಲ್ಲ.

ಹೋಂಸ್ಟೇ ನಡೆಸುವುದರಿಂದ ಕೆಲವು ಸಣ್ಣ ಏರ್ಪಾಡುಗಳನ್ನೂ ಮಾಡಿಕೊಳ್ಳಬಹುದು. ಅತಿಥಿಗಳು ಗೇಟಿಗೆ ಬರುವ ಹತ್ತು ನಿಮಿಷ ಮುಂಚೆ ಫೋನ್ ಮಾಡಲು ಹೇಳಿ, ಆ ಹೊತ್ತಿಗೆ ಬ್ರೂನೋ ಚಾಪೆಯ ಮೇಲೆ ಗೋಣಿಚೀಲದ ಕೆಲಸದಲ್ಲಿರಲಿ. ಅವರು ಬಂದು ಕುಳಿತ ಮೇಲೆ ಹಗ್ಗದಲ್ಲಿ ಕರೆತಂದು ಪರಿಚಯ ಮಾಡಿಸಿ. ಹಗಲು ಪರಿಚಯವಾದವರ ಹೆಜ್ಜೆ ಸದ್ದಿಗೆ ರಾತ್ರಿ ಬೊಗಳುವುದು ಕಡಿಮೆ. ಜಗಲಿಯಿಂದ ಅತಿಥಿಗಳ ಕೋಣೆಯ ಬಾಗಿಲು ನೇರವಾಗಿ ಕಾಣುತ್ತಿದ್ದರೆ ನಡುವೆ ಬಿದಿರಿನ ತಟ್ಟಿ ಕಟ್ಟಿ. ಗದ್ದೆಯಾಚೆಯ ನೆರೆಯವರ ಮನೆಗೆ ಒಮ್ಮೆ ಹೋಗಿ, ತರಬೇತಿ ಶುರು ಮಾಡಿದ್ದೇವೆ, ಮೊದಲ ಕೆಲವು ದಿನ ಗಲಾಟೆ ಹೆಚ್ಚಾಗಬಹುದು ಎಂದು ಮುಂಚಿತವಾಗಿ ಹೇಳಿಬನ್ನಿ. ಯಾವ ಹೊತ್ತಿಗೆ ಹೆಚ್ಚು ಕೇಳಿಸುತ್ತದೆ ಎಂದು ಅವರನ್ನೇ ಕೇಳಿದರೆ ನಿಮ್ಮ ಟಿಪ್ಪಣಿಗೂ ಸಹಾಯವಾಗುತ್ತದೆ.

ದಿನವೂ ತಪ್ಪದೆ ಮಾಡಿದರೆ ಹಗಲಿನ ಬೊಗಳಿಕೆಯಲ್ಲಿ ಎರಡು ಮೂರು ವಾರಗಳಲ್ಲಿ ವ್ಯತ್ಯಾಸ ಕಾಣುತ್ತದೆ ಎಂದು ನನ್ನ ಅನುಭವದಿಂದ ಹೇಳಬಲ್ಲೆ. ರಾತ್ರಿಯದು ಹತೋಟಿಗೆ ಬರಲು ಒಂದೆರಡು ತಿಂಗಳು ಹಿಡಿಯಬಹುದು. ಒಳಗೆ ಮಲಗಿಸಿದ ಮೊದಲ ರಾತ್ರಿಗಳಲ್ಲಿ ಬಾಗಿಲು ಕೆರೆದು ಕೂಗಿದರೆ ನೀವೂ ಜಗಲಿಯ ಬಳಿಯ ಕೋಣೆಯಲ್ಲೇ ಮಲಗಿ, ಅದು ಹೊಂದಿಕೊಂಡ ಮೇಲೆ ದೂರ ಹೋಗಿ. ಯಾರ ಮೇಲಾದರೂ ಎರಗುವುದು, ಕಚ್ಚಲು ಹೋಗುವುದು ಕಂಡರೆ ಪತ್ರದ ಸಲಹೆಯನ್ನು ನೆಚ್ಚಿಕೊಳ್ಳದೆ ಪಶುವೈದ್ಯರ ಮೂಲಕ ಅನುಭವಿ ತರಬೇತುದಾರರನ್ನು ಕರೆಸಿ. ಬಂದವರು ಹೊಡೆಯುವ, ಮುಳ್ಳಿನ ಬೆಲ್ಟ್ ಹಾಕುವ ಮಾತೆತ್ತಿದರೆ ವಿನಯದಿಂದಲೇ ಕಳುಹಿಸಿಕೊಡಿ.

ಒಂದು ವಾರದ ಟಿಪ್ಪಣಿ ಸಿದ್ಧವಾದ ಮೇಲೆ ಅದನ್ನು ನನಗೆ ಕಳುಹಿಸಿ. ಬ್ರೂನೋ ಹೆಚ್ಚಾಗಿ ಗೇಟಿನ ಕಡೆಗೋ, ಗದ್ದೆಯ ಕಡೆಗೋ, ಅಟ್ಟದ ಕಡೆಗೋ ಎಂಬುದು ಗೊತ್ತಾದರೆ, ಯಾವ ಪಾಠಕ್ಕೆ ಹೆಚ್ಚು ಸಮಯ ಕೊಡಬೇಕೆಂದು ಖಚಿತವಾಗಿ ಹೇಳಬಹುದು. ಒಳಗೆ ಮಲಗಿಸುವುದಕ್ಕೆ ಮಾತ್ರ ಆ ಟಿಪ್ಪಣಿಗಾಗಿ ಕಾಯಬೇಕಾಗಿಲ್ಲ, ಅದನ್ನು ಈ ರಾತ್ರಿಯಿಂದಲೇ ಆರಂಭಿಸಿ.